ಅಂಗೈಯಲ್ಲಿ ಆರಿಸಿದ ಸ್ಪೀಕರು

ಅರಸೀಕೆರೆಯ ಚನ್ನೇಶನಿಗೆ ತೂಕದ ಮನುಷ್ಯನೆಂಬ ಹೆಸರು ಬಂದದ್ದು ಅವನ ಕಿವಿ ಹೋದ ಮೇಲೆ. ಅದಕ್ಕೆ ಮುಂಚೆ ಅವನೂ ಎಲ್ಲರ ಹಾಗೆ, ಕೇಳಿದ್ದಕ್ಕೆ ತಟಕ್ಕನೆ ಉತ್ತರ ಕೊಟ್ಟು, ಅದರಲ್ಲಿ ಅರ್ಧ ತಪ್ಪು ಹೇಳಿ, ಬೈಸಿಕೊಂಡು ಓಡಾಡುತ್ತಿದ್ದ ಸಾಧಾರಣ ಆಸಾಮಿ. ಏಳು ವರ್ಷದ ಹಿಂದೆ ಮೊದಲು ಎಡಗಿವಿ, ಆಮೇಲೆ ಬಲಗಿವಿ, ಎರಡೂ ಅವನಿಗೆ ಕೈಕೊಟ್ಟವು. ಅಂದಿನಿಂದ ಯಾರು ಏನು ಕೇಳಿದರೂ ಒಂದು ಗಳಿಗೆ ನೆಲ ನೋಡಿ, ಗಡ್ಡ ಕೆರೆದುಕೊಂಡು, “ನೋಡೋಣ” ಎನ್ನುವುದನ್ನು ಅಭ್ಯಾಸ ಮಾಡಿಕೊಂಡ. ಮಗಳಿಗೆ ಈ ಗಂಡು ಆಗಬಹುದೇ ಎಂದು ಕೇಳಿದವರಿಗೂ ನೋಡೋಣ, ಬಾಣಾವರದ ಬಸ್ಸು ಹೋಯಿತೇ ಎಂದು ಕೇಳಿದವರಿಗೂ ನೋಡೋಣ. ಬಸ್ಸಿನವರು ಸ್ವಲ್ಪ ಗೊಣಗಿದರು. ಉಳಿದವರೆಲ್ಲ, ಈತ ದುಡುಕುವವನಲ್ಲ, ಅಳೆದು ತೂಗಿ ಮಾತಾಡುತ್ತಾನೆ ಎಂದುಕೊಂಡು, ಜಗಳ ಬಿಡಿಸಲು, ಹೆಣ್ಣು ನೋಡಲು ಅವನನ್ನೇ ಕರೆದುಕೊಂಡು ಹೋಗತೊಡಗಿದರು.

ಗುಟ್ಟು ಗೊತ್ತಿದ್ದದ್ದು ಹೆಂಡತಿ ದ್ರಾಕ್ಷಾಯಣಿಗೆ ಒಬ್ಬಳಿಗೇ. ಆಕೆ ಯಾರಿಗೂ ಹೇಳಲಿಲ್ಲ. ಗಂಡನನ್ನು ಊಟಕ್ಕೆ ಕರೆಯಬೇಕಾದರೆ ಬಂದು ಭುಜ ಮುಟ್ಟುತ್ತಿದ್ದಳು. ಟಿವಿಯ ಸದ್ದನ್ನು ತುದಿ ಮುಟ್ಟಿಸಿ ತಾನು ಹಿತ್ತಲಲ್ಲಿ ಕೂರುತ್ತಿದ್ದಳು. ಪಕ್ಕದ ಮನೆಯ ದೇವೀರಪ್ಪ, ಕರೆಂಟಿನ ಬಿಲ್ಲು ವಸೂಲಿ ಮಾಡಿ ರಿಟೈರಾದ ಮನುಷ್ಯ, ದಿನಾ ಸಂಜೆ ಏಳಕ್ಕೆ ನಡುಗೋಡೆಯನ್ನು ಗುದ್ದುತ್ತಿದ್ದ. ಚನ್ನೇಶನಿಗೆ ಅದು ಕೇಳಿಸುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಅಲ್ಲಾಡಿದ್ದು ಕಂಡು, ಗಾಳಿ ಎದ್ದಿದೆ ಎಂದುಕೊಳ್ಳುತ್ತಿದ್ದ.

ಕಿವಿ ಹೋದದ್ದನ್ನು ಇಷ್ಟು ಮುಚ್ಚಿಡುವುದು ಯಾಕೆ ಎಂದರೆ, ಶಾಲಿನ ಹೆದರಿಕೆ. ಚನ್ನೇಶ ಕೆಲಸ ಮಾಡುತ್ತಿದ್ದದ್ದು ಹಾರನಹಳ್ಳಿ ರಸ್ತೆಯಲ್ಲಿರುವ ಜಯದೇವಪ್ಪನವರ ತೆಂಗಿನ ಪುಡಿ ಫ್ಯಾಕ್ಟರಿಯಲ್ಲಿ. ಜಯದೇವಪ್ಪನವರು ಒಳ್ಳೆಯವರು, ಮಠಕ್ಕೆ ನಡೆದುಕೊಳ್ಳುವವರು, ಯಾರನ್ನೂ ಬೈದು ಕಳಿಸಿದವರಲ್ಲ. ಆಳಿನ ಕಣ್ಣೋ ಕೈಯೋ ಸೊಂಟವೋ ಸೋತಿತೆಂದರೆ ಒಂದು ಸೋಮವಾರ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಎಲ್ಲರಿಂದ ಚಪ್ಪಾಳೆ ಹೊಡೆಸುತ್ತಿದ್ದರು. ಮಂಗಳವಾರದಿಂದ ಆತ ಬರಬೇಕಾಗಿರಲಿಲ್ಲ. ಹೀಗೆ ಹನ್ನೊಂದು ಜನ ಹೋಗಿದ್ದರು. ಚನ್ನೇಶನಿಗೆ ಐವತ್ತೈದು, ನಿವೃತ್ತಿಗೆ ಇನ್ನು ಮೂರು ವರ್ಷ. ಆ ಮೂರು ವರ್ಷ ಶಾಲು ತಪ್ಪಿಸಿಕೊಳ್ಳುವುದೇ ಅವನ ಬಾಳಿನ ಏಕೈಕ ಗುರಿಯಾಗಿತ್ತು. ಐವತ್ತೈದರ ಕಿವುಡನಿಗೆ ಈ ತಾಲ್ಲೂಕಿನಲ್ಲಿ ಇನ್ನಾರು ಕೆಲಸ ಕೊಡುತ್ತಾರೆ?

ಫ್ಯಾಕ್ಟರಿಯೊಳಗೆ ಗುಟ್ಟು ಉಳಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಪುಡಿ ಮಿಷನ್ನೂ ಜರಡಿ ಮಿಷನ್ನೂ ಒಟ್ಟಿಗೆ ಶುರುವಾದರೆ ಅಲ್ಲಿ ಮಾತು ಸತ್ತಂತೆಯೇ. ಮೂವತ್ತು ವರ್ಷದಿಂದ ಅಲ್ಲಿಯ ಜನ ಮಾತಾಡುವುದು ಕೈಯಲ್ಲಿ. ಅಂಗೈ ಮಗುಚಿದರೆ ಮಿಷನ್ ನಿಲ್ಲಿಸು. ಎದೆಗೆ ಮುಷ್ಟಿ ತಾಗಿಸಿದರೆ ಯಜಮಾನರು ಬಂದರು. ಸಂಜೆ ಹೆಗಲು ತಟ್ಟಿಕೊಂಡು ಎಂಟು ಬೆರಳು ತೋರಿಸಿದರೆ, ನಾಳೆ ಎಂಟಕ್ಕೆ ಬಾ. ಇಂಥ ಜಾಗದಲ್ಲಿ ಕಿವಿ ಯಾರಿಗೆ ಬೇಕು? ಹೊರಗೆ ಬಂದಾಗಲೂ ಅವರೆಲ್ಲ ಕೂಗಿಯೇ ಮಾತಾಡುತ್ತಿದ್ದರು. ಊರಿನವರು ಅದನ್ನು ಫ್ಯಾಕ್ಟರಿ ಗಂಟಲು ಎಂದು ಕರೆದು ಸುಮ್ಮನಾಗಿದ್ದರು.

ಹೀಗಿರುವಾಗ ಯಜಮಾನರ ಮಗಳು ಸಿರಿ ಮೈಸೂರಿನಲ್ಲಿ ಓದು ಮುಗಿಸಿ ಬಂದಳು. ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು ಬೇಲೂರಿಗೆ ಹೋಗುವ ಜನ ನಮ್ಮ ಗೇಟಿನ ಮುಂದೆಯೇ ಸುಮ್ಮನೆ ಹೋಗುತ್ತಾರಲ್ಲ, ಅವರನ್ನು ಒಳಗೆ ಕರೆದು ತೆಂಗಿನಕಾಯಿ ಪುಡಿಯಾಗುವುದನ್ನು ತೋರಿಸೋಣ ಎಂಬುದು ಅವಳ ಆಲೋಚನೆ. ಹಳೆಯ ಗೋಡೌನನ್ನು ಸುಣ್ಣ ಹೊಡೆಸಿ ಇಪ್ಪತ್ತು ಕುರ್ಚಿ ಹಾಕಿಸಿದಳು. ಮಿಷನ್ನುಗಳು ಕಾಣುವಂತೆ ಒಂದು ಕಡೆಗೆ ದೊಡ್ಡ ಗಾಜು ಕೂರಿಸಿದಳು. ಇನ್ನು ಬೇಕಾದದ್ದು ಪರದೆ, ಪ್ರೊಜೆಕ್ಟರು, ಮೈಕು, ಸ್ಪೀಕರು, ಜೊತೆಗೆ ಬಂದವರಿಗೆ ವಿವರಿಸುವ ಒಬ್ಬ ಮನುಷ್ಯ.

“ಚನ್ನೇಶನ್ನ ಕೇಳು. ಸೌಂಡಿನ ವಿಷಯ ಅವನಿಗೆ ಗೊತ್ತು” ಎಂದರು ಜಯದೇವಪ್ಪ.

ಇದಕ್ಕೆ ಹಿನ್ನೆಲೆ ಇದೆ. ಎರಡು ವರ್ಷದ ಹಿಂದೆ ಯಜಮಾನರ ಹೊಸ ಮನೆಯ ಗೃಹಪ್ರವೇಶದಲ್ಲಿ ಮೈಕು ಇದ್ದಕ್ಕಿದ್ದಂತೆ ಕಿರುಚಿಕೊಂಡಿತು. ನೆಂಟರೆಲ್ಲ ಎಲೆ ಬಿಟ್ಟು ಕಿವಿ ಮುಚ್ಚಿಕೊಂಡರು, ಮೈಕಿನವನು ಹೆದರಿ ಹೊರಗೆ ಓಡಿದ. ಚನ್ನೇಶ ಮಾತ್ರ ಏನೂ ಆಗದವನಂತೆ ಸ್ಪೀಕರಿನ ಮುಂದೆ ಹಾದು ಕೈತೊಳೆಯಲು ಹೋದ. ಹೋಗುವಾಗ ಅವನ ಕಾಲು ವೈರಿಗೆ ಸಿಕ್ಕಿ ಪ್ಲಗ್ಗು ಕಿತ್ತುಬಂತು. ನೆಂಟರು ಅವನನ್ನು ಕಣ್ಣರಳಿಸಿ ನೋಡಿದರು. ಏನೋ ಮೆಚ್ಚಿಕೊಂಡಿದ್ದಾರೆ ಎಂಬುದಷ್ಟೇ ಚನ್ನೇಶನಿಗೆ ತಿಳಿದದ್ದು. ಮೆಚ್ಚಿಕೊಂಡವರನ್ನು ಬೇಡವೆನ್ನುವುದು ಅವನ ಸ್ವಭಾವವಲ್ಲ.

ಸಿರಿ ಅವನನ್ನು ಕರೆದು ಎದುರು ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದರಿಂದ ತುಟಿ ನೋಡಿಯೇ ಅವನಿಗೆ ಎಲ್ಲ ಅರ್ಥವಾಯಿತು. ಸಾಮಾನು ಆರಿಸಬೇಕು, ಎಲ್ಲ ಸರಿಹೋದರೆ ಆ ಕೋಣೆಗೆ ಅವನೇ ಯಜಮಾನ, ಮಾತಾಡುವವನೂ ಅವನೇ. ಮೈಕ್ ಹಿಡಿದವನು ಮಾತಾಡುತ್ತಾನೆ, ಉಳಿದವರು ಕೇಳುತ್ತಾರೆ. ಇಡೀ ಜಗತ್ತಿನಲ್ಲಿ ಕಿವಿ ಬೇಡದ ಕೆಲಸ ಅದೊಂದೇ ಎಂದು ಅವನಿಗೆ ಅನ್ನಿಸಿತು. ಮೂರು ವರ್ಷ ಅಲ್ಲಿ ಹಾಯಾಗಿ ಕಳೆದುಬಿಡಬಹುದು. ಗಡ್ಡ ಕೆರೆದುಕೊಂಡು ನೋಡೋಣ ಎಂದ.

ಬಿ.ಎಚ್. ರಸ್ತೆಯಲ್ಲಿ ಸೌಂಡ್ ಸಿಸ್ಟಮ್ ಅಂಗಡಿ ಇಟ್ಟಿದ್ದ ದೀಪಕ್ ಮೊದಲು ಸಿರಿಯೇ ಫೋನಿನಲ್ಲಿ ಹೇಳಿದ್ದನ್ನು ತೆಗೆದಿಟ್ಟ: ಒಬ್ಬೊಬ್ಬರ ಕಿವಿಗೂ ಒಂದೊಂದು ಪುಟ್ಟ ಇಯರ್‌ಫೋನು, ಮಾತಾಡುವವನ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು. ಚನ್ನೇಶ ಒಂದನ್ನು ಕಿವಿಗೆ ಇಟ್ಟುಕೊಂಡ. ದೀಪಕನ ತುಟಿ ಅಲ್ಲಾಡಿತೇ ಹೊರತು ಏನೂ ಬರಲಿಲ್ಲ. ಕೆಟ್ಟಿದೆ ಎಂದ. ದೀಪಕ್ ಇನ್ನೊಂದು ಕೊಟ್ಟ. ಅದೂ ಕೆಟ್ಟಿತ್ತು. ಮೂರನೆಯದನ್ನು ದೀಪಕ್ ತಾನೇ ಹಾಕಿಕೊಂಡು ನೋಡಿ, ಸರಿಯಾಗಿಯೇ ಇದೆಯಲ್ಲ ಎಂದು ಅನುಮಾನದಿಂದ ಮುಖ ನೋಡಿದ. ಚನ್ನೇಶ ಆ ಮುಖವನ್ನು ಕಂಡು, ಗಾಬರಿಯಾದುದನ್ನು ತೋರಗೊಡದೆ, ಎದ್ದು ಹೋಗಿ ಒಂದು ಡಬ್ಬ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡ.

ದೀಪಕ್ ಬೆರಗಾದ. ಅಂಗಡಿ ತೆರೆದು ಆರು ವರ್ಷವಾಗಿತ್ತು. ಸ್ಪೀಕರನ್ನು ಕಿವಿಯಲ್ಲಿ ಕೇಳಿ ನೋಡುವವರನ್ನು ಕಂಡಿದ್ದ, ಬೆಲೆಯಲ್ಲಿ ನೋಡುವವರನ್ನು ಕಂಡಿದ್ದ. ವೈದ್ಯ ನಾಡಿ ಹಿಡಿದಂತೆ ಸ್ಪೀಕರನ್ನು ಹಿಡಿದವರನ್ನು ಕಂಡಿರಲಿಲ್ಲ. ಇದು ದೊಡ್ಡ ಅನುಭವಸ್ಥರ ಪದ್ಧತಿಯಿರಬೇಕೆಂದು ತಿಳಿದು ಹಾಡು ಹಾಕಿದ. ಚನ್ನೇಶನ ಅಂಗೈಗೆ ಸ್ವಲ್ಪ ಜುಮ್ಮೆಂದಿತು, ಸಾಲದು ಎಂದು ತಲೆಯಾಡಿಸಿದ. ಅದಕ್ಕಿಂತ ದೊಡ್ಡದು ಬಂತು. ಅದೂ ಮೊಣಕೈ ದಾಟಲಿಲ್ಲ. ಇಪ್ಪತ್ತು ಜನರ ಕೋಣೆಗೆ ಇಷ್ಟು ಸಾಕು ಸಾರ್ ಎಂದು ದೀಪಕ್ ಬೇಡಿಕೊಂಡ. ಚನ್ನೇಶ ನೋಡೋಣ ಎಂದ. ಕೊನೆಗೆ, ಗಣೇಶನನ್ನು ಬಿಡುವಾಗ ಲಾರಿಯ ಮೇಲೆ ಕಟ್ಟುವ ಎದೆಯೆತ್ತರದ ಎರಡು ಪೆಟ್ಟಿಗೆ ಹಿಂದಿನ ಕೋಣೆಯಿಂದ ಬಂದವು. ಅವುಗಳ ಮೇಲೆ ಅಂಗೈಯಿಟ್ಟಾಗ ನಡುಕ ತೋಳು ಹತ್ತಿ ಹಲ್ಲಿನವರೆಗೆ ಬಂತು, ಜೊತೆಗೆ ಬಹಳ ದೂರದಿಂದ ಒಂದು ಹೆಣ್ಣುದನಿ. ಏಳು ವರ್ಷದ ಮೇಲೆ ಅವನು ಕೇಳಿದ ಮೊದಲ ಹಾಡು ಅದು. ಚನ್ನೇಶನ ಕಣ್ಣು ತುಂಬಿತು. ದೀಪಕನಿಗೆ ಭಯಭಕ್ತಿ ಎರಡೂ ಹುಟ್ಟಿ ಕಾಫಿ ತರಿಸಿದ.

ಆದರೂ ಇಷ್ಟು ದೊಡ್ಡ ವಿಷಯವನ್ನು ಒಬ್ಬನೇ ತೀರ್ಮಾನಿಸಬಾರದೆಂದು ಯಜಮಾನರು ಫ್ಯಾಕ್ಟರಿಯಲ್ಲೇ ಪರೀಕ್ಷೆ ಇಟ್ಟರು. ಪುಡಿ ಮಿಷನ್ನಿನ ಕೆಂಚಯ್ಯನನ್ನು ಮುಂದಿಟ್ಟುಕೊಂಡು ಆರು ಜನ ಹಳಬರ ಕಮಿಟಿ. ಸಿರಿ ಅಂದು ಟ್ಯಾಕ್ಸಿಯವರನ್ನು ಒಪ್ಪಿಸಲು ಬೇಲೂರಿಗೆ ಹೋಗಿದ್ದಳು. ಈ ಕಥೆಯ ಅನಾಹುತಕ್ಕೆಲ್ಲ ಅದೊಂದೇ ಕಾರಣ. ಕೆಲಸ ನಿಲ್ಲಿಸುವ ಪದ್ಧತಿ ಇಲ್ಲದ್ದರಿಂದ ಮಿಷನ್ನುಗಳು ಓಡುತ್ತಲೇ ಇದ್ದವು. ಕಮಿಟಿ ಕೋಣೆಯಲ್ಲಿ ಕೂತಿತು, ಮಾತು ಸ್ಪಷ್ಟವಾಗಿ ಕೇಳಿದವರು ಕೈ ಎತ್ತಬೇಕೆಂದು ಗೊತ್ತುಮಾಡಿಕೊಂಡರು. ಮೊದಲ ಸ್ಪೀಕರಿಗೆ ಒಬ್ಬನೂ ಎತ್ತಲಿಲ್ಲ. ಎರಡನೆಯದಕ್ಕೆ ಕೆಂಚಯ್ಯ ಮೂಗು ತುರಿಸಿಕೊಳ್ಳಲು ಕೈ ಎತ್ತಿದ್ದು ನೋಡಿ ಚನ್ನೇಶನೂ ಎತ್ತಿ, ಅವನು ಇಳಿಸಿದೊಡನೆ ಇಳಿಸಿದ. ಲಾರಿಯ ಪೆಟ್ಟಿಗೆಗಳು ಶುರುವಾದಾಗ ಆರೂ ಕೈ ಒಟ್ಟಿಗೆ ಮೇಲೆದ್ದವು, ಅವುಗಳ ಜೊತೆಗೆ ಯಜಮಾನರದ್ದೂ. ದೀಪಕ್ ಮಾತ್ರ ಬಾಗಿಲಾಚೆ ಕಿವಿಗೆ ಹತ್ತಿ ತುರುಕಿಕೊಂಡು ನಿಂತಿದ್ದ. ಇವರೆಲ್ಲ ಇಷ್ಟು ಒಮ್ಮತದಿಂದ ಇರುವಾಗ ತಾನು ಬಾಯಿ ಹಾಕುವುದು ಸರಿಯಲ್ಲ ಎಂದು ಸಾಮಾನು ಇಳಿಸಿ ಹೊರಟುಹೋದ.

“ಏನ್ಲಾ ಚನ್ನೇಶ, ಭಾರಿ ಸಾಮಾನು ಕಣ್ಲಾ. ಎಲ್ಲಾ ಬಿಡಿಬಿಡಿಯಾಗಿ ಕೇಳ್ತೈತೆ” ಎಂದ ಕೆಂಚಯ್ಯ, ಹೆಗಲ ಮೇಲೆ ಕೈಯಿಟ್ಟು ಮುಖದ ಹತ್ತಿರ ಬಂದು. ಚನ್ನೇಶನಿಗೆ ಒಳಗೊಳಗೇ ಸಂಕಟವಾಯಿತು. ಚೆನ್ನಾಗಿ ಕೇಳುವ ಕಿವಿಯವರ ಮಧ್ಯೆ ತಾನೊಬ್ಬ ಕಳ್ಳ ಸೇರಿಕೊಂಡಿದ್ದೇನೆ ಎಂದು ಅವನು ರಾತ್ರಿಯೂಟ ಬಿಟ್ಟ.

ಪ್ರಾರಂಭೋತ್ಸವದ ದಿನ ದ್ರಾಕ್ಷಾಯಣಿ ಬಿಳಿ ಅಂಗಿ ಇಸ್ತ್ರಿ ಮಾಡಿಕೊಟ್ಟಳು. ಎರಡು ವ್ಯಾನಿನಲ್ಲಿ ಹದಿನೆಂಟು ಜನ ಪ್ರವಾಸಿಗರು ಬಂದರು. ಹಳೇಬೀಡಿಗೆ ಹೊರಟಿದ್ದವರನ್ನು ಉಚಿತ ಎಳನೀರು ಎಂದು ಹೇಳಿ ಡ್ರೈವರು ತಿರುಗಿಸಿ ತಂದಿದ್ದ. ಮುಂದಿನ ಸಾಲಿನಲ್ಲಿ ಜಯದೇವಪ್ಪ, ಹಿಂದಿನ ಸಾಲಿನಲ್ಲಿ ಬೆಂಚು ಹಾಕಿಕೊಂಡು ಕಮಿಟಿ. ಅತಿಥಿಗಳಿಗೆ ತೊಂದರೆಯಾಗದಿರಲೆಂದು ಸಿರಿ ಮಿಷನ್ನುಗಳನ್ನು ನಿಲ್ಲಿಸಿದ್ದಳು. ಮೂವತ್ತು ವರ್ಷದಲ್ಲಿ ಹಗಲು ಹೊತ್ತು ಫ್ಯಾಕ್ಟರಿ ಅಷ್ಟು ನಿಶ್ಶಬ್ದವಾದದ್ದು ಅದೇ ಮೊದಲು. ಆದರೆ ಅದನ್ನು ಗಮನಿಸಬೇಕಾದವರು ಗಮನಿಸಲಿಲ್ಲ.

ಚನ್ನೇಶ ನಾಲ್ಕು ಹಾಳೆಯ ಭಾಷಣ ಬಿಚ್ಚಿ, ಮೈಕಿಗೆ ಬಾಯಿ ತಾಗಿಸಿ, ಫ್ಯಾಕ್ಟರಿ ಗಂಟಲಿನಲ್ಲಿ ನಮಸ್ಕಾರ ಎಂದ.

ಆ ನಮಸ್ಕಾರಕ್ಕೆ ಗಾಜು ಬಿರುಕು ಬಿಟ್ಟಿತು. ಪರದೆಯ ಮೇಲಿದ್ದ ತೆಂಗಿನ ಮರ ಗಡಗಡ ನಡುಗಿತು. ಯಾರದೋ ಕೈಯಿಂದ ಎಳನೀರು ಉರುಳಿ ಯಾರದೋ ಸೀರೆ ಒದ್ದೆಯಾಯಿತು. ಒಬ್ಬ ಹಿರಿಯರು ಸಿಲಿಂಡರ್ ಸಿಡಿಯಿತೆಂದು ಕೂಗಿ ಮೊಮ್ಮಗುವನ್ನು ಎತ್ತಿಕೊಂಡು ಓಡಿದ್ದೇ ತಡ, ಉಳಿದವರೂ ಕಿವಿ ಮುಚ್ಚಿಕೊಂಡು ಅವರ ಹಿಂದೆ ಹೊರಟರು. ವ್ಯಾನುಗಳು ಹೊರಟಾಗ ಒಬ್ಬಳ ಒಂದು ಚಪ್ಪಲಿ ಗೇಟಿನಲ್ಲೇ ಉಳಿಯಿತು. ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ, ಚನ್ನೇಶನ ಮನೆಯ ಪಕ್ಕದಲ್ಲಿ, ದೇವೀರಪ್ಪ ಕಾಫಿ ಲೋಟವನ್ನು ಪಂಚೆಯ ಮೇಲೆ ಬೀಳಿಸಿಕೊಂಡು, ಇದೂ ಟಿವಿಯೇ ಇರಬೇಕೆಂದು ನಡುಗೋಡೆಯನ್ನು ಗುದ್ದಲು ಎದ್ದ.

ಚನ್ನೇಶ ಇದೇನನ್ನೂ ಕಾಣಲಿಲ್ಲ. ಶಾಲಿಗೆ ಹೆದರಿ ಕನ್ನಡಕವನ್ನೂ ಹಾಕದೆ ಓದುತ್ತಿದ್ದರಿಂದ ಅವನ ಮೂಗು ಹಾಳೆಯೊಳಗಿತ್ತು. ಕಾಯಿ ಸುಲಿಯುವುದು, ಚಿಪ್ಪು ತೆಗೆಯುವುದು, ತೊಳೆಯುವುದು, ಅರೆಯುವುದು, ಒಣಗಿಸುವುದು ಎಲ್ಲವನ್ನೂ ಸಾವಕಾಶವಾಗಿ ಹೇಳಿ ಮುಗಿಸಿ ತಲೆಯೆತ್ತಿದ. ಹದಿನೆಂಟು ಕುರ್ಚಿ ಖಾಲಿ. ಹಿಂದಿನ ಸಾಲಿನಲ್ಲಿ ಕಮಿಟಿಯ ಆರೂ ಜನ ಅಲ್ಲಾಡದೆ ಕೂತು ಮುಖ ಅರಳಿಸಿಕೊಂಡು ಕೇಳುತ್ತಿದ್ದರು. ಕೆಂಚಯ್ಯ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಮೂವತ್ತು ವರ್ಷ ತಾನು ಮಾಡಿದ ಕೆಲಸದ ಬಗ್ಗೆ ಯಾರೋ ಹೇಳಿದ್ದನ್ನು ಅವನು ಕೇಳಿದ್ದು ಅಂದೇ. ಯಜಮಾನರು ಮುಂದೆ ಕೈಕಟ್ಟಿ ಕೂತಿದ್ದರು. ಬಾಗಿಲಲ್ಲಿ ಸಿರಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಅವಳು ಸ್ಪೀಕರನ್ನು ನೋಡಲಿಲ್ಲ, ಚನ್ನೇಶನನ್ನು ನೋಡಲಿಲ್ಲ, ತಂದೆಯನ್ನೇ ನೋಡುತ್ತಿದ್ದಳು.

ಜಯದೇವಪ್ಪ ಮಗಳ ಕಡೆ ತಿರುಗಿ ತೃಪ್ತಿಯಿಂದ ಹೇಳಿದರು: “ಚೆನ್ನಾಗಿ ಕೇಳ್ತು ಕಣಮ್ಮ. ಒಂದಕ್ಷರ ಬಿಟ್ಟುಹೋಗ್ಲಿಲ್ಲ.”

ಕರೆದರೆ ಅಪ್ಪಾಜಿ ಓಗೊಡದಿರುವುದು ಅವರ ಗಾಂಭೀರ್ಯ ಎಂದೇ ಸಿರಿ ಚಿಕ್ಕಂದಿನಿಂದ ತಿಳಿದಿದ್ದಳು. ಅವಳಿಗೆ ಈಗ ಅಳು ಬಂತು.

ವಾರದೊಳಗೆ ಹಾಸನದಿಂದ ಕಿವಿ ಡಾಕ್ಟರು ಬಂದರು. ಪರೀಕ್ಷೆ ಅದೇ ಪ್ರವಾಸಿ ಕೋಣೆಯಲ್ಲಿ. ಒಬ್ಬೊಬ್ಬರನ್ನೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದು ಹೇಳಿ, ಡಾಕ್ಟರು ತಮ್ಮ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಪೆಟ್ಟಿಗೆಯಲ್ಲಿ ಡಾಕ್ಟರ ಕಡೆಗಿನ ಬದಿಗೆ ಒಂದು ಸಣ್ಣ ಕೆಂಪು ದೀಪ ಹತ್ತುತ್ತಿತ್ತು. ಡಾಕ್ಟರ ಬೆನ್ನಿಗೆ ಬಿರುಕು ಬಿಟ್ಟ ಗಾಜು, ಗಾಜಿನಾಚೆ ಮಿಷನ್ನುಗಳ ಹತ್ತಿರ ಫ್ಯಾಕ್ಟರಿಯ ಹಳಬರು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ದೀಪ ಹತ್ತಿದಾಗ ಆಚೆ ಒಂದು ಬೆರಳು ಏಳುತ್ತಿತ್ತು, ಅದನ್ನು ನೋಡಿ ಈಚೆ ಇನ್ನೊಂದು. ಈಚೆಯವನ ಸರದಿ ಮುಗಿದರೆ ಅವನೇ ಹೋಗಿ ಗಾಜಿನಾಚೆ ನಿಲ್ಲುತ್ತಿದ್ದ. ಶಾಲಿನ ಹೆದರಿಕೆ ತನಗೊಬ್ಬನಿಗೇ ಅಲ್ಲವೆಂದು ಚನ್ನೇಶನಿಗೆ ಅಂದು ತಿಳಿಯಿತು; ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ಡಾಕ್ಟರು ಏಳೂ ಚೀಟಿಗಳಲ್ಲಿ ಕಿವಿ ಚೊಕ್ಕವಾಗಿದೆ ಎಂದು ಬರೆದು, ಇಂಥ ಕಿವಿಗಳನ್ನು ಹತ್ತು ವರ್ಷದ ಮಕ್ಕಳಲ್ಲೂ ಕಂಡಿಲ್ಲ ಎಂದು ಆಶ್ಚರ್ಯಪಟ್ಟರು.

ಕೊನೆಗೆ ಜಯದೇವಪ್ಪ ಕೂತರು. ಗಾಜಿನಾಚೆ ಚನ್ನೇಶ ನಿಂತಿದ್ದ. ದೀಪ ಹತ್ತಿತು, ಚನ್ನೇಶ ಬೆರಳೆತ್ತಿದ. ಯಜಮಾನರು ಅವನನ್ನು ನೇರವಾಗಿ ನೋಡಿದರು, ಕೈ ಎತ್ತಲಿಲ್ಲ. ಮತ್ತೆ ದೀಪ, ಮತ್ತೆ ಬೆರಳು. ಅವರ ಕೈ ತೊಡೆಯ ಮೇಲೆಯೇ ಇತ್ತು. ಹೀಗೆ ಇಪ್ಪತ್ತು ಸಲ. ಅವರು ಹೊರಗೆ ಬಂದಾಗ ಚನ್ನೇಶ ಎದುರಿಗೆ ಸಿಕ್ಕಿ, ತಲೆ ತಗ್ಗಿಸಲೂ ಆಗದೆ, ವಿಧಿಯಿಲ್ಲದೆ ಅವರ ತುಟಿ ನೋಡುತ್ತ ನಿಂತ.

“ಹನ್ನೊಂದು ಜನಕ್ಕೆ ಶಾಲು ಹೊದಿಸಿದ ಕೈ ಕಣೋ ಇದು. ಸುಳ್ಳಿಗೆ ಏಳಲ್ಲ” ಎಂದರು ಜಯದೇವಪ್ಪ.

ಸೋಮವಾರ ಅದೇ ಕೋಣೆಯಲ್ಲಿ ಕುರ್ಚಿ ಹಾಕಿದರು. ನನ್ನ ನಿಯಮ ನನಗೂ ಒಂದೇ ಎಂದು ಯಜಮಾನರು ಹಟ ಹಿಡಿದು ತಾವೇ ಹೋಗಿ ಕೂತರು. ಶಾಲು ಹಿಡಿದ ಸಿರಿಯ ಕಣ್ಣು ಕೆಂಪಾಗಿತ್ತು. ಒಮ್ಮೆ ಮಾರಿದ ಸಾಮಾನು ವಾಪಸಿಲ್ಲವೆಂದು ದೀಪಕ್ ಹೇಳಿದ್ದರಿಂದ ಎರಡು ಪೆಟ್ಟಿಗೆಗಳೂ ಅಲ್ಲೇ ಇದ್ದವು. ಬೀಳ್ಕೊಡುಗೆಯ ನಾಲ್ಕು ಮಾತು ಆಡಬೇಕಾದವನು ಚನ್ನೇಶ. ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ. ಕುರ್ಚಿಯಲ್ಲಿ ಕತ್ತು ಬಗ್ಗಿಸಿ ಕೂತ ಮನುಷ್ಯನನ್ನು ನೋಡಿದ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂರು ವರ್ಷದ ಅನ್ನ ಕಣ್ಣ ಮುಂದೆ ಹಾದುಹೋಯಿತು. ಹಾಳೆ ಮಡಚಿ ಜೇಬಿಗಿಟ್ಟ.

“ಯಜಮಾನ್ರೇ, ನನಗೂ ಕೇಳಲ್ಲ. ಏಳು ವರ್ಷ ಆಯ್ತು. ಈ ಸ್ಪೀಕರ್ ನಾನು ಕಿವೀಲಿ ಆರಿಸಿದ್ದಲ್ಲ, ಅಂಗೈಲಿ ಆರಿಸಿದ್ದು. ಚೀಟಿ ಸುಳ್ಳು. ಶಾಲು ನನಗೆ ಹೊದಿಸಿ.”

ಇದು ಫ್ಯಾಕ್ಟರಿಗೆಲ್ಲ ಕೇಳಿಸಿತು. ಹಿಂದಿನ ಓಣಿಗೂ ಕೇಳಿಸಿತು. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ದ್ರಾಕ್ಷಾಯಣಿ ಬಟ್ಟೆ ಹಿಡಿದುಕೊಂಡೇ ಕಲ್ಲಿನ ಮೇಲೆ ಕುಳಿತಳು. ದೇವೀರಪ್ಪ ಕಾಂಪೌಂಡಿನ ಹತ್ತಿರ ಬಂದು ಅವಳನ್ನು ನೋಡಿ ಒಳಗೆ ಹೋದ. ಅಂದಿನಿಂದ ಅವನು ಗೋಡೆ ಗುದ್ದಲಿಲ್ಲ.

ಕೋಣೆಯಲ್ಲಿ ಕೆಂಚಯ್ಯ ಮೊದಲು ಕೈ ಎತ್ತಿದ. ಆಮೇಲೆ ಅವನ ಪಕ್ಕದವನು, ಆಮೇಲೆ ಇನ್ನೊಬ್ಬ. ಈ ಸಲ ಯಾರೂ ಯಾರನ್ನೂ ನೋಡಿ ಎತ್ತಲಿಲ್ಲ. ಚನ್ನೇಶನದ್ದೂ ಸೇರಿ ಏಳು ಕೈ ಮೇಲೆ ನಿಂತವು. ಸಿರಿಯ ಕೈಯಲ್ಲಿದ್ದದ್ದು ಒಂದೇ ಶಾಲು. ಅವಳು ಶಾಲನ್ನೂ ಕೈಗಳನ್ನೂ ನೋಡಿದಳು. ಬಾಯಿ ತೆರೆದು, ಇವರಿಗೆ ಕೇಳಿಸುವುದಿಲ್ಲವಲ್ಲ ಎಂದು ನೆನಪಾಗಿ ಮುಚ್ಚಿದಳು. ಶಾಲು ಹಿಡಿದುಕೊಂಡೇ ಹೆಗಲು ತಟ್ಟಿಕೊಂಡು, ತನಗೆ ಬಂದಷ್ಟು ಬೆರಳು ತೋರಿಸಿ, ಅಳುತ್ತ ಹೊರಗೆ ಹೋದಳು.

ನಾಳೆ ಎಂಟಕ್ಕೆ ಬನ್ನಿ ಎಂದು ಅವಳು ಹೇಳಿದ್ದು. ಆದರೆ ಒಂದು ಬೆರಳು ಶಾಲಿನೊಳಗೆ ಸಿಕ್ಕಿಕೊಂಡು ಏಳೇ ಕಂಡವು. ಏಳಕ್ಕೆ ಕರೆಯುವ ಪದ್ಧತಿ ಆ ಫ್ಯಾಕ್ಟರಿಯಲ್ಲಿ ಎಂದೂ ಇರಲಿಲ್ಲ, ಹಾಗಾಗಿ ಇದು ಲೆಕ್ಕ ಮುಗಿಸಿ ಕಳಿಸುವುದಕ್ಕೇ ಎಂದು ಎಲ್ಲರೂ ನಿಶ್ಚಯಿಸಿಕೊಂಡರು. ಮರುದಿನ ಏಳಕ್ಕೆ ಏಳೂ ಜನ ಬೀಗ ಹಾಕಿದ ಗೇಟಿನ ಮುಂದೆ ಚಳಿಯಲ್ಲಿ ನಿಂತರು. ಹಣ್ಣು ಹಾಕಿಕೊಂಡು ಹೋಗಲು ಕೆಂಚಯ್ಯ ಮನೆಯಿಂದಲೇ ಚೀಲ ತಂದಿದ್ದ.

ಎಂಟಕ್ಕೆ ಕಾರು ಬಂತು. ಜಯದೇವಪ್ಪ ಇಳಿದರು, ಚಳಿಗೆ ಅದೇ ಶಾಲು ಹೊದ್ದಿದ್ದರು. ಸಿರಿ ಹಿಂದಿನ ಸೀಟಿನಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದಳು. ಅದರಲ್ಲಿ ದಪ್ಪ ಹಳದಿ ಬಣ್ಣದ ಕಿವಿಮುಚ್ಚಳಗಳಿದ್ದವು, ಮಿಷನ್ನಿನ ಸದ್ದು ಒಳಗೆ ಹೋಗದಂತೆ ತಡೆಯುವಂಥವು. ಇನ್ನು ಮೇಲೆ ಇದನ್ನು ಹಾಕಿಕೊಳ್ಳದೆ ಯಾರೂ ಮಿಷನ್ ಹತ್ತಿರ ಹೋಗುವಂತಿಲ್ಲ, ಯಾರಿಗೂ ಶಾಲು ಇಲ್ಲ, ಎಂದು ದೊಡ್ಡ ಅಕ್ಷರದಲ್ಲಿ ಬರೆದ ಹಲಗೆಯನ್ನು ಎತ್ತಿ ತೋರಿಸಿದಳು. ಕೆಂಚಯ್ಯ ಅದನ್ನು ಎರಡು ಸಲ ಓದಿ ಚೀಲವನ್ನು ಮಡಚಿ ಕಂಕುಳಿಗಿಟ್ಟುಕೊಂಡ.

ಎಲ್ಲರೂ ಒಳಗೆ ಹೋದರು. ಸಿರಿ ಚನ್ನೇಶನ ಕಿವಿಗಳಿಗೆ ತಾನೇ ಮುಚ್ಚಳ ಕೂರಿಸಿ, ಮಿಷನ್ ಹಾಕಿಸಿದಳು. ನೆಲ ಅದುರತೊಡಗಿತು. ಅವಳು ಆಸೆಯಿಂದ ಅವನ ಮುಖ ನೋಡುತ್ತ, ಹೇಗಿದೆ ಎಂದು ಕೈ ತಿರುಗಿಸಿ ಕೇಳಿದಳು. ಚನ್ನೇಶ ಮುಚ್ಚಳವನ್ನು ಒಮ್ಮೆ ತೆಗೆದು ನೋಡಿದ, ಮತ್ತೆ ಹಾಕಿ ನೋಡಿದ, ಇನ್ನೊಮ್ಮೆ ತೆಗೆದ. ಎರಡಕ್ಕೂ ಯಾವ ವ್ಯತ್ಯಾಸವೂ ಅವನಿಗೆ ಗೊತ್ತಾಗಲಿಲ್ಲ. ಹುಡುಗಿ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮುಚ್ಚಳವನ್ನು ಸರಿಯಾಗಿ ಹಾಕಿಕೊಂಡು, ಒಂದು ಗಳಿಗೆ ನೆಲ ನೋಡಿ, ಗಡ್ಡ ಕೆರೆದುಕೊಂಡು, “ನೋಡೋಣಮ್ಮ” ಎಂದ.